ಹದಿನಾಲ್ಕರ ಹುಡುಗ ಎಷ್ಟು ಪಂದ್ಯ ಆಡಿದ? ಲೆಕ್ಕ ಯಾರ ಹತ್ತಿರ ಇದೆ? ಫಿಬಾಗೆ ಒಂದು ಬಹಿರಂಗ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ – ಫಿಬಾ,
ಮೀಸ್, ಸ್ವಿಟ್ಜರ್ಲೆಂಡ್

ಮಾನ್ಯರೇ,

ಸ್ಪೇನಿನ ಬ್ಯಾಸ್ಕೆಟ್‌ಬಾಲ್ ಆಟಗಾರ ರಿಕಿ ರುಬಿಯೊ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. 2019ರ ವಿಶ್ವಕಪ್‌ನಲ್ಲಿ ಸ್ಪೇನ್ ಗೆದ್ದಾಗ ಬೀಜಿಂಗ್‌ನಲ್ಲಿ ಅವರಿಗೆ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಕೊಟ್ಟದ್ದೇ ನಿಮ್ಮ ಸಂಸ್ಥೆ. ಆದರೂ ಅವರ ಕಥೆಯನ್ನು ನಿಮ್ಮ ಮುಂದೆ ಇನ್ನೊಮ್ಮೆ ಇಡುತ್ತಿದ್ದೇನೆ. ಪದಕಗಳನ್ನು ನೆನಪಿಸೋದಕ್ಕಲ್ಲ. ಅವರ ಹಾಗೆಯೇ ಇವತ್ತು 14, 15ನೇ ವಯಸ್ಸಿನಲ್ಲಿ ಯೂರೋಪಿನ ದೊಡ್ಡ ಕ್ಲಬ್‌ಗಳ ಹಾಸ್ಟೆಲ್‌ನಲ್ಲಿ ಮಲಗಿ ಏಳುತ್ತಿರುವ ಹುಡುಗರಿದ್ದಾರಲ್ಲ, ಅವರಿಗೋಸ್ಕರ ನಿಮ್ಮ ಹತ್ತಿರ ಒಂದು ನಿಯಮ ಕೇಳೋದಕ್ಕೆ.

ನಾನು ಕೇಳುತ್ತಿರುವುದು ಇಷ್ಟು. 18 ತುಂಬದ ಆಟಗಾರ ಒಂದು ವರ್ಷದಲ್ಲಿ ಒಟ್ಟು ಎಷ್ಟು ಪಂದ್ಯ ಆಡಬಹುದು ಅನ್ನೋದಕ್ಕೆ ಮಿತಿ ಹಾಕಿ. ಕ್ಲಬ್ಬಿನ ಪಂದ್ಯ, ದೇಶದ ಪಂದ್ಯ, ಜೂನಿಯರ್, ಸೀನಿಯರ್ ಎಲ್ಲವನ್ನೂ ಕೂಡಿಸಿ ಲೆಕ್ಕ ಇಡಿ. ವರ್ಷದಲ್ಲಿ ಕೆಲವು ವಾರವಾದರೂ ಯಾವ ತಂಡವೂ ಕರೆಯದಂತೆ ರಜೆ ಕೊಡಿಸಿ. ಮನಸ್ಸಿಗೆ ಕಷ್ಟವಾದಾಗ ಮಾತಾಡೋದಕ್ಕೆ, ಕ್ಲಬ್ಬಿನ ಸಂಬಳಕ್ಕೆ ಕೆಲಸ ಮಾಡದ ಒಬ್ಬ ವೈದ್ಯರನ್ನು ಕೊಡಿ.

ಬೆಂಗಳೂರಿನವರಿಗೆ ಯೂರೋಪಿನ ಚಿಂತೆ ಯಾಕೆ ಅಂತ ಅನ್ನಿಸಬಹುದು. ನಾನು ಇಲ್ಲಿ ಶಾಲಾ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಕೋಚ್. 2017ರಲ್ಲಿ ನಿಮ್ಮ ಮಹಿಳಾ ಏಷ್ಯಾ ಕಪ್ ನಡೆದದ್ದು ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ. ಕೆಳಗಿನ ದರ್ಜೆಯಾದ ಬಿ ಡಿವಿಷನ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು ಸೋಲಿಸಿ ಮೇಲಕ್ಕೆ ಹೋದರು. ನೀವು ಮೀಸ್‌ನಲ್ಲಿ ಕೂತು ಬರೆಯುವ ನಿಯಮ ನಮಗೂ ನಿಯಮವೇ. ಅದಕ್ಕಿಂತ ಹೆಚ್ಚಾಗಿ, ಯೂರೋಪಿನಲ್ಲಿ ಒಬ್ಬ ಹುಡುಗ ಮಾಡುವ ದಾಖಲೆ ನಮ್ಮ ಮೈದಾನದ ಮಕ್ಕಳ ತಲೆಗೂ ಬಂದು ಕೂರುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ರುಬಿಯೊ. ಬಾರ್ಸಿಲೋನಾ ಪಕ್ಕದಲ್ಲಿ, ಮೆಡಿಟರೇನಿಯನ್ ದಡದಲ್ಲಿ ಎಲ್ ಮಸ್ನೋ ಅಂತ ಒಂದು ಊರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಬಾದಲೋನಾ. ಸ್ಪೇನ್ ಅಂದರೆ ಫುಟ್‌ಬಾಲ್ ಅಂದುಕೊಳ್ಳುವವರಿಗೆ ಬಾದಲೋನಾ ಆಶ್ಚರ್ಯ ಹುಟ್ಟಿಸುವ ಊರು. ಅಲ್ಲಿಯ ಜನರಿಗೆ ಬ್ಯಾಸ್ಕೆಟ್‌ಬಾಲೇ ಜೀವ. 1930ರಲ್ಲಿ ಹುಟ್ಟಿದ ಜುವೆಂತುತ್ ಕ್ಲಬ್ ಅಲ್ಲಿಯದು. ಊರವರು ಪ್ರೀತಿಯಿಂದ 'ಲಾ ಪೆನ್ಯಾ' ಅಂತಾರೆ. ಹಸಿರು, ಕಪ್ಪು ಬಣ್ಣದ ಜರ್ಸಿ. 1994ರಲ್ಲಿ ಯೂರೋಪಿನ ಚಾಂಪಿಯನ್ ಆದ ಕ್ಲಬ್ ಅದು. 1992ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡ್ರೀಮ್ ಟೀಮ್ ಚಿನ್ನ ಗೆದ್ದದ್ದೂ ಬಾದಲೋನಾದ ಒಳಾಂಗಣದಲ್ಲೇ. ಇಂಥ ಕಡೆ ಚೆನ್ನಾಗಿ ಆಡುವ ಒಬ್ಬ ಹುಡುಗ ಸಿಕ್ಕರೆ ಊರೆಲ್ಲಾ ಅವನ ಹಿಂದೆ ನಿಲ್ಲುತ್ತದೆ. ತಪ್ಪಲ್ಲ, ಸಹಜ.

2005ರ ಅಕ್ಟೋಬರ್ 15ರಂದು ರುಬಿಯೊ ಜುವೆಂತುತ್ ಪರವಾಗಿ ಸ್ಪೇನಿನ ಎಸಿಬಿ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದರು. 15 ತುಂಬೋದಕ್ಕೆ ಇನ್ನೂ 6 ದಿನ ಬಾಕಿ. ಆ ಲೀಗ್‌ನ ಇತಿಹಾಸದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಆಡಿರಲಿಲ್ಲ. ಎದುರಿಗೆ ಇದ್ದವರು ಗಡ್ಡ ಬಂದ, ಹೆಂಡತಿ ಮಕ್ಕಳಿದ್ದ ಗಂಡಸರು. ಕೋಚ್ ಐತೋ ಗಾರ್ಸಿಯಾ ರೆನೆಸೆಸ್ ಅನುಭವಸ್ಥರು, ಎಳೆಯರನ್ನು ಬೆಳೆಸೋದರಲ್ಲಿ ಹೆಸರಾದವರು. ಅವರ ಮೇಲೆ ನನ್ನ ದೂರೇನೂ ಇಲ್ಲ. ಆ ಹುಡುಗನ ಕೈಯಲ್ಲಿ ಚೆಂಡು ಹೇಗೆ ಓಡುತ್ತಿತ್ತು ಅಂತ ನೋಡಿದ ಯಾವ ಕೋಚ್ ಆದರೂ ಅದನ್ನೇ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ನಿಯಮ ಬೇಕಾಗುವುದು ಇದಕ್ಕೇ. ಕೆಟ್ಟವರನ್ನು ತಡೆಯೋದಕ್ಕೆ ಮಾತ್ರ ನಿಯಮ ಅಲ್ಲ. ಖುಷಿಯಲ್ಲಿ ಮೈಮರೆತ ಒಳ್ಳೆಯವರನ್ನು ಸ್ವಲ್ಪ ನಿಲ್ಲಿಸೋದಕ್ಕೂ ನಿಯಮ ಬೇಕು.

ಮುಂದಿನ ವರ್ಷ, 2006ರಲ್ಲಿ, ನಿಮ್ಮದೇ 16 ವರ್ಷದೊಳಗಿನವರ ಯೂರೋಪಿಯನ್ ಚಾಂಪಿಯನ್‌ಶಿಪ್ ಸ್ಪೇನಿನ ಲಿನಾರೆಸ್‌ನಲ್ಲಿ ನಡೆಯಿತು. ಫೈನಲ್ ರಷ್ಯಾ ವಿರುದ್ಧ. ನಿಗದಿತ ಸಮಯ ಮುಗಿಯುವ ಹೊತ್ತಿಗೆ ಸ್ಪೇನ್ 3 ಪಾಯಿಂಟ್ ಹಿಂದೆ. ರುಬಿಯೊ ಕೈಗೆ ಚೆಂಡು ಬಂತು. ಅಂಕಣದ ಮಧ್ಯದಿಂದ ಎಸೆದರು. ಗಂಟೆ ಹೊಡೆಯಿತು, ಚೆಂಡು ಬಲೆಗೆ ಬಿತ್ತು. ಸಮ ಸಮ. ಒಂದು ಹೆಚ್ಚುವರಿ ಅವಧಿ ಸಾಲದೆ ಎರಡನೆಯದಕ್ಕೆ ಹೋಗಿ ಸ್ಪೇನ್ 110–106ರಲ್ಲಿ ಗೆದ್ದಿತು. ಆ ಒಂದೇ ಪಂದ್ಯದಲ್ಲಿ ರುಬಿಯೊ 51 ಪಾಯಿಂಟ್, 24 ರಿಬೌಂಡ್, 12 ಅಸಿಸ್ಟ್, 7 ಸ್ಟೀಲ್. ಅವರಿಗೆ ಆಗ 15 ವರ್ಷ. ಆ ಎಸೆತದ ವಿಡಿಯೋವನ್ನು ನಾನು ನನ್ನ ಮಕ್ಕಳಿಗೆ ಈಗಲೂ ತೋರಿಸುತ್ತೇನೆ. ತೋರಿಸುವಾಗೆಲ್ಲಾ ಮೈ ಜುಮ್ಮೆನ್ನುತ್ತದೆ.

ಆದರೆ ಒಂದು ಸಲ ಲೆಕ್ಕ ಹಾಕಿ ನೋಡಿ. ಆ ಹುಡುಗ ಹಿಂದಿನ ಅಕ್ಟೋಬರಿನಿಂದ ದೊಡ್ಡವರ ಲೀಗ್‌ನ ತಂಡದಲ್ಲಿದ್ದ. ಜುವೆಂತುತ್ ಆ ಸೀಸನ್ನಿನಲ್ಲಿ ನಿಮ್ಮ ಯೂರೋಕಪ್ ಕೂಡ ಆಡಿ ಗೆದ್ದಿತ್ತು. ಸೀಸನ್ ಮುಗಿದ ಮೇಲೆ ಬೇಸಿಗೆಯಲ್ಲಿ ದೇಶದ ಕ್ಯಾಂಪು, ಈ ಚಾಂಪಿಯನ್‌ಶಿಪ್. ಚಾಂಪಿಯನ್‌ಶಿಪ್ ಮುಗಿದರೆ ಮತ್ತೆ ಕ್ಲಬ್. 16 ತುಂಬಿ ಮೂರೇ ದಿನಕ್ಕೆ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಯೂರೋಲೀಗ್‌ಗೆ ಕಾಲಿಟ್ಟಾಯಿತು. 1990ರ ದಶಕದಲ್ಲಿ ಹುಟ್ಟಿದವರಲ್ಲಿ ಅಲ್ಲಿ ಆಡಿದ ಮೊದಲಿಗ ಅನ್ನೋ ಇನ್ನೊಂದು ದಾಖಲೆ. ಹಾಗಾದರೆ ಆ ಹುಡುಗನಿಗೆ ರಜೆ ಯಾವಾಗ? ಎಸಿಬಿ ತನ್ನ ಪಂದ್ಯದ ಲೆಕ್ಕ ಇಟ್ಟುಕೊಂಡಿತು. ಯೂರೋಲೀಗ್ ತನ್ನದು. ಸ್ಪೇನ್ ಒಕ್ಕೂಟ ತನ್ನದು. ನೀವು ನಿಮ್ಮದು. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿದವರು ಯಾರು? ಮನೆಯವರು ಬಿಟ್ಟರೆ ಆ ಹುಡುಗನ ಮೈಗೆ, ಮನಸ್ಸಿಗೆ ಬಿದ್ದ ಒಟ್ಟು ಭಾರ ಎಷ್ಟು ಅಂತ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಇವತ್ತಿಗೂ ಅಲ್ಲ. ನನ್ನ ದೂರು ಇದೇ, ಇಷ್ಟೇ.

ನಂತರದ ವರ್ಷಗಳು ನಿಮಗೆ ಗೊತ್ತು. 2008ರಲ್ಲಿ 17ನೇ ವಯಸ್ಸಿಗೆ ಬೀಜಿಂಗ್ ಒಲಿಂಪಿಕ್ಸ್. ಹೋಸೆ ಕಾಲ್ದೆರೋನ್ ಗಾಯಗೊಂಡಿದ್ದರಿಂದ ಅಮೆರಿಕದ ವಿರುದ್ಧದ ಫೈನಲ್‌ನಲ್ಲಿ ಮೊದಲ ಐವರಲ್ಲೇ ಇಳಿಯಬೇಕಾಯಿತು. ಎದುರಿಗೆ ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್. ಸ್ಪೇನ್ 118–107ರಲ್ಲಿ ಸೋತರೂ ಆ ಪಂದ್ಯವನ್ನು ಜನ ಇಂದಿಗೂ ಕೊಂಡಾಡುತ್ತಾರೆ. 2009 ಯೂರೋಬ್ಯಾಸ್ಕೆಟ್ (ಯೂರೋಪಿನ ದೇಶಗಳ ಚಾಂಪಿಯನ್‌ಶಿಪ್), 2010 ವಿಶ್ವ ಚಾಂಪಿಯನ್‌ಶಿಪ್, 2011 ಮತ್ತೆ ಯೂರೋಬ್ಯಾಸ್ಕೆಟ್. 17ರಿಂದ 20ರವರೆಗೆ ಸಾಲಾಗಿ ನಾಲ್ಕು ಬೇಸಿಗೆ ದೇಶದ ಸೀನಿಯರ್ ತಂಡಕ್ಕೇ ಹೋಯಿತು. ನಡುವೆ ಬೆಳೆಯುವ ಹುಡುಗನಿಗೆ ಬೇಕಾದ, ಏನೂ ಮಾಡದೆ ಸುಮ್ನೆ ಮನೆಯಲ್ಲಿ ಕೂರುವ ಒಂದು ಬೇಸಿಗೆಯೂ ಇರಲಿಲ್ಲ.

ದುಡ್ಡಿನ ಕಥೆಯನ್ನೂ ಹೇಳಲೇಬೇಕು. 2009ರ ಜೂನ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮಿನೆಸೋಟ ಟಿಂಬರ್‌ವುಲ್ವ್ಸ್ ಅವರನ್ನು 5ನೆಯವರಾಗಿ ಆರಿಸಿತು. ಸ್ಟೆಫೆನ್ ಕರಿ 7ನೆಯವರು, ಅಂದರೆ ರುಬಿಯೊ ಮೇಲೆ ಎಷ್ಟು ನಿರೀಕ್ಷೆ ಇತ್ತು ನೋಡಿ. ಆದರೆ ಜುವೆಂತುತ್ ಜೊತೆಗಿನ ಕರಾರು ಮುರಿಯೋದಕ್ಕೆ ಕಟ್ಟಬೇಕಿದ್ದ ಮೊತ್ತ ಹಲವು ಮಿಲಿಯನ್ ಯೂರೋ. ಎನ್‌ಬಿಎ ತಂಡ ತನ್ನ ಕೈಯಿಂದ ಕೊಡಬಹುದಾಗಿದ್ದದ್ದು ಆಗ 5 ಲಕ್ಷ ಡಾಲರ್ ಮಾತ್ರ. ಉಳಿದದ್ದನ್ನು 18ರ ಹುಡುಗ ತಾನೇ ಹೊಂದಿಸಬೇಕು. ಕೊನೆಗೆ ಬಾರ್ಸಿಲೋನಾ 35 ಲಕ್ಷ ಯೂರೋಗಿಂತ ಜಾಸ್ತಿ ಕೊಟ್ಟು ಅವರನ್ನು ತೆಗೆದುಕೊಂಡಿತು. ಅಮೆರಿಕಕ್ಕೆ ಹೋಗುವುದು 2 ವರ್ಷ ಮುಂದಕ್ಕೆ ಹೋಯಿತು. ಬಾರ್ಸಿಲೋನಾದಲ್ಲಿ 2010ರ ಯೂರೋಲೀಗ್ ಗೆದ್ದರು, ಅದೇನೂ ಕೆಟ್ಟದ್ದಲ್ಲ. ಆದರೆ ಒಬ್ಬ ಹುಡುಗನ ಹೆಸರಿನ ಮೇಲೆ ಅಷ್ಟೊಂದು ಹಣ ಕೈ ಬದಲಾಯಿಸುತ್ತದೆ ಅಂದ ಮೇಲೆ ಅದರಲ್ಲಿ ಒಂದು ಸಣ್ಣ ಪಾಲು ಅವನ ಆರೋಗ್ಯಕ್ಕೆ ಅಂತ ಬೇರೆ ಇಡೋದು ದೊಡ್ಡ ಕಷ್ಟವಾ?

2012ರ ಮಾರ್ಚ್ 9ರಂದು, ಎನ್‌ಬಿಎಯ ಮೊದಲ ವರ್ಷವೇ, ಲೇಕರ್ಸ್ ವಿರುದ್ಧದ ಪಂದ್ಯದಲ್ಲಿ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಲಂಡನ್ ಒಲಿಂಪಿಕ್ಸ್ ತಪ್ಪಿತು. ಚಿಕ್ಕ ವಯಸ್ಸಿನಿಂದ ಜಾಸ್ತಿ ಆಡಿದ್ದಕ್ಕೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಮೊಣಕಾಲು ಯಾರಿಗೂ ಹರಿಯಬಹುದು.

ನಾನು ನಿಮಗೆ ತೋರಿಸಬೇಕು ಅಂತಿರುವುದು ಅದರ ನಂತರದ ಒಂದು ಚಿಕ್ಕ ಕ್ಷಣ. ಕಾಲು ಸರಿಯಾಗಿ ರುಬಿಯೊ ವಾಪಸ್ ಬಂದಿದ್ದರು. ಅದೇ ವರ್ಷ ರಷ್ಯಾದಿಂದ ಅಲೆಕ್ಸಿ ಶ್ವೆಡ್ ಅನ್ನೋ ಆಟಗಾರ ಮಿನೆಸೋಟಕ್ಕೆ ಹೊಸದಾಗಿ ಸೇರಿದ್ದರು. ಆಟ ಕೈಹಿಡಿಯದೆ ಮುಖ ಬಾಡಿಸಿಕೊಂಡಿದ್ದರು. ರುಬಿಯೊ ಅವರ ಹತ್ತಿರ ಬಾಗಿ, ಈ ಮುಖ ಬದಲಾಯಿಸು, ಖುಷಿಯಾಗಿರು, ಆಟವನ್ನು ಆನಂದಿಸು ಅಂತ ಹೇಳಿದ್ದು ಮೈಕಿನಲ್ಲಿ ಸೆರೆಯಾಯಿತು. ಪ್ರಪಂಚದಾದ್ಯಂತ ಜನ ಅದನ್ನು ನೋಡಿ ಮೆಚ್ಚಿದರು. ವಯಸ್ಸಿನಲ್ಲಿ ಶ್ವೆಡ್ ರುಬಿಯೊಗಿಂತ ಸುಮಾರು 2 ವರ್ಷ ದೊಡ್ಡವರು. ಆದರೂ ಸಮಾಧಾನ ಹೇಳಿದವರು 22ರ ರುಬಿಯೊ. 14ರಿಂದ ದೊಡ್ಡವರ ನಡುವೆ ಇದ್ದ ಹುಡುಗ ಅಷ್ಟು ಹೊತ್ತಿಗೆ ತಾನೇ ಎಲ್ಲರಿಗೂ ದೊಡ್ಡವನಾಗಿಬಿಟ್ಟಿದ್ದ. ಎಲ್ಲರಿಗೂ ಖುಷಿಯಾಗಿರು ಅನ್ನುವ ಹುಡುಗನ ಹತ್ತಿರ ನೀನು ಹೇಗಿದ್ದೀಯಪ್ಪ ಅಂತ ಯಾರು ಕೇಳಬೇಕು?

2016ರಲ್ಲಿ ಅವರ ತಾಯಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ರಿಯೋ ಒಲಿಂಪಿಕ್ಸ್ ಆಡಿ ಕಂಚು ತಂದರು. ಆಮೇಲೆ ತಮ್ಮ ಹೆಸರಿನ ಪ್ರತಿಷ್ಠಾನದ ಮೂಲಕ ಕ್ಯಾನ್ಸರ್ ರೋಗಿಗಳಿಗೆ, ಕಷ್ಟದಲ್ಲಿರುವ ಮಕ್ಕಳಿಗೆ ನೆರವಾಗೋದಕ್ಕೆ ನಿಂತರು. ಯೂಟಾ, ಫೀನಿಕ್ಸ್ ಅಂತ ತಂಡ ಬದಲಾಯಿತು. 2020ರ ನವೆಂಬರ್‌ನಲ್ಲಿ ಫೀನಿಕ್ಸ್ ಅವರನ್ನು ಒಕ್ಲಹೋಮಾಗೆ ಕೊಟ್ಟಿತು. ಕೆಲವೇ ದಿನಕ್ಕೆ ಒಕ್ಲಹೋಮಾ ಅವರನ್ನು ಮಿನೆಸೋಟಕ್ಕೆ ಕೊಟ್ಟಿತು. ಒಕ್ಲಹೋಮಾಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದಿನ ಬೇಸಿಗೆಗೆ ಕ್ಲೀವ್‌ಲ್ಯಾಂಡ್. ಅಲ್ಲಿ 2021ರ ಡಿಸೆಂಬರ್‌ನಲ್ಲಿ ಅದೇ ಎಡ ಮೊಣಕಾಲು ಮತ್ತೆ ಹರಿಯಿತು. ಗಾಯಗೊಂಡು ಮಲಗಿದ್ದಾಗಲೇ ಅವರ ಕರಾರು ಇಂಡಿಯಾನಾಗೆ ಹೋಯಿತು. ಇದೆಲ್ಲಾ ಎನ್‌ಬಿಎ ವ್ಯವಹಾರ, ನಿಮ್ಮ ಕೈಯಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೂ ಮುಂಚಿನ ವರ್ಷಗಳು ನಿಮ್ಮ ಕೈಯಲ್ಲಿ ಇದ್ದವು ಅಲ್ವಾ?

ಎರಡನೇ ಗಾಯದ ಮುಂಚೆ, ಟೋಕಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ಅಮೆರಿಕದ ವಿರುದ್ಧ 38 ಪಾಯಿಂಟ್ ಹೊಡೆದಿದ್ದರು. ಅಷ್ಟು ದೊಡ್ಡ ಆಟಗಾರ. 2023ರ ಆಗಸ್ಟ್‌ನಲ್ಲಿ, ನಿಮ್ಮ ವಿಶ್ವಕಪ್ ಶುರುವಾಗೋದಕ್ಕೆ ಕೆಲವೇ ವಾರ ಇರುವಾಗ, ಮಾನಸಿಕ ಆರೋಗ್ಯಕ್ಕಾಗಿ ಆಟ ನಿಲ್ಲಿಸುತ್ತೇನೆ ಅಂತ ತಿಳಿಸಿದರು. ಆಗ ಅವರಿಗೆ 32 ವರ್ಷ. 2024ರ ಜನವರಿಯಲ್ಲಿ ಎನ್‌ಬಿಎಗೆ ವಿದಾಯ ಹೇಳುವಾಗ ಇನ್ನಷ್ಟು ಬಿಚ್ಚಿ ಹೇಳಿದರು. ಜುಲೈ 30ರ ರಾತ್ರಿ ತಮ್ಮ ಬದುಕಿನ ಅತಿ ಕಷ್ಟದ ರಾತ್ರಿಗಳಲ್ಲಿ ಒಂದು, ಮನಸ್ಸು ಕತ್ತಲ ಕಡೆ ಹೋಗಿಬಿಟ್ಟಿತ್ತು, ಮರುದಿನವೇ ಆಟ ನಿಲ್ಲಿಸುವ ತೀರ್ಮಾನ ಮಾಡಿದೆ ಅಂತ. ಅದನ್ನು ಓದಿ ನಾನು ತುಂಬಾ ಹೊತ್ತು ಏನೂ ಮಾಡಲಿಲ್ಲ. ಅಷ್ಟು ವರ್ಷದ ಹಿಂದೆ ಲಿನಾರೆಸ್‌ನಲ್ಲಿ ಕೈ ಮೇಲೆತ್ತಿ ಓಡಿದ ಹುಡುಗನೇ ಇವರು.

ಅವರ ಕಷ್ಟಕ್ಕೆ ಇಂಥದ್ದೇ ಕಾರಣ ಅಂತ ಬೇರೆಯವರು ತೀರ್ಪು ಕೊಡಬಾರದು. ತಾಯಿಯ ಸಾವು, ಎರಡು ಸಲ ಮೊಣಕಾಲು, ಊರು ಬಿಟ್ಟು ಊರು, ಯಾರ ಬದುಕಿನಲ್ಲೂ ಇವೆಲ್ಲಾ ಭಾರವೇ. ನನ್ನ ಮಾತು ಅಷ್ಟು ದೊಡ್ಡದಲ್ಲ. ಒಬ್ಬ ಮನುಷ್ಯ 14ರಿಂದ 32ರವರೆಗೆ ನಿಲ್ಲದೆ ಓಡಿ, ಕೊನೆಗೆ ತಾನೇ ನಿಲ್ಲಿಸಬೇಕಾಯಿತು. ಆ 18 ವರ್ಷದಲ್ಲಿ, ಮುಖ್ಯವಾಗಿ ಮೊದಲ 4 ವರ್ಷದಲ್ಲಿ, ಸಾಕು ಈಗ ಮನೆಗೆ ಹೋಗು ಅಂತ ಹೇಳುವ ಅಧಿಕಾರ ಇರುವವರು ಒಬ್ಬರೂ ಇರಲಿಲ್ಲ.

ಇದು ಒಬ್ಬರ ಕಥೆ, ಅಪರೂಪದ ಪ್ರತಿಭೆ, ಇದರ ಮೇಲೆ ನಿಯಮ ಮಾಡೋಕಾಗುತ್ತಾ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಹಾಗಾದರೆ ಲೂಕಾ ಡೊನ್ಚಿಚ್‌ರನ್ನು ನೋಡಿ. ಸ್ಲೊವೇನಿಯಾದ ಲುಬ್ಲಿಯಾನಾದಿಂದ 13ನೇ ವಯಸ್ಸಿಗೆ ರಿಯಲ್ ಮಡ್ರಿಡ್ ಸೇರಿದಾಗ ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. 16 ತುಂಬಿ 2 ತಿಂಗಳಿಗೆ ಸೀನಿಯರ್ ತಂಡದಲ್ಲಿ ಮೊದಲ ಪಂದ್ಯ. 2017ರ ಸೆಪ್ಟೆಂಬರ್‌ನಲ್ಲಿ ಸ್ಲೊವೇನಿಯಾಗೆ ಯೂರೋಬ್ಯಾಸ್ಕೆಟ್ ಚಿನ್ನ. ನಿಲ್ಲದೆ ಮುಂದಿನ ಸೀಸನ್, ಮೇ ತಿಂಗಳಲ್ಲಿ ಬೆಲ್‌ಗ್ರೇಡ್‌ನಲ್ಲಿ ಯೂರೋಲೀಗ್ ಕಪ್, 19ನೇ ವಯಸ್ಸಿಗೆ ಶ್ರೇಷ್ಠ ಆಟಗಾರ. ಜೂನ್‌ನಲ್ಲಿ ಸ್ಪೇನ್ ಲೀಗ್ ಗೆದ್ದದ್ದು, ಅದೇ ತಿಂಗಳು ಎನ್‌ಬಿಎ ಡ್ರಾಫ್ಟ್. ಈಗ ಅವರು ಪ್ರಪಂಚದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು. ನನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅವರ ಭಕ್ತರು. ಆದರೂ 2024ರಲ್ಲಿ ಏನಾಯಿತು? ಜೂನ್ 17ಕ್ಕೆ ಎನ್‌ಬಿಎ ಫೈನಲ್ ಮುಗಿಯಿತು. ಆ ಸರಣಿಯನ್ನು ನೋವಿನಲ್ಲೇ ಆಡಿದ್ದರು. ಜುಲೈ ಮೊದಲ ವಾರ ಗ್ರೀಸಿನ ಪಿರೇಯಸ್‌ನಲ್ಲಿ ನಿಮ್ಮ ಒಲಿಂಪಿಕ್ ಅರ್ಹತಾ ಟೂರ್ನಿ ಆಡುತ್ತಿದ್ದರು. ದೇಶಕ್ಕಾಗಿ ಆಡುವುದು ಅವರ ಪ್ರೀತಿ. ಆದರೆ 13ರಿಂದ ಇಲ್ಲ ಅನ್ನುವ ಅಭ್ಯಾಸವನ್ನೇ ಕಲಿಸದ ವ್ಯವಸ್ಥೆ, 25ರಲ್ಲಿ ಅದನ್ನು ನಿರೀಕ್ಷಿಸುವುದು ಹೇಗೆ?

ಪಂದ್ಯಗಳು ಕಡಿಮೆಯಾಗುತ್ತಿಲ್ಲ, ಏರುತ್ತಿವೆ. ರುಬಿಯೊ ಲೀಗ್‌ಗೆ ಬಂದ 2005–06ರಲ್ಲಿ ಯೂರೋಲೀಗ್‌ನ ಮೊದಲ ಹಂತದಲ್ಲಿ ಒಂದು ತಂಡ 14 ಪಂದ್ಯ ಆಡುತ್ತಿತ್ತು. 2016–17ಕ್ಕೆ ಲೀಗ್ ಹಂತವೇ 30 ಆಯಿತು. ಆಮೇಲೆ 34. ತಂಡಗಳು 20 ಆದ 2025–26ರಲ್ಲಿ 38. ಸ್ಪೇನ್ ಲೀಗ್‌ನ 34 ಅದರ ಮೇಲೆ ಬೇರೆ. ಕೊನೆಯ ಹಂತದ ಪ್ಲೇಆಫ್, ಸ್ಪೇನಿನ ಕಪ್ ಟೂರ್ನಿ ಕೋಪಾ ದೆಲ್ ರೇ ಸೇರಿಸದೆಯೇ 72. ಬೇಸಿಗೆಗೆ ನಿಮ್ಮ 16, 18, 20 ವರ್ಷದೊಳಗಿನವರ ಚಾಂಪಿಯನ್‌ಶಿಪ್‌ಗಳು. 17ರ ಹುಡುಗನನ್ನು ಪ್ರತಿ ಪಂದ್ಯಕ್ಕೂ ಇಳಿಸುವುದಿಲ್ಲ, ನಿಜ. ಆದರೆ ಇಳಿಸದಿದ್ದರೂ ವಿಮಾನ ಹತ್ತಬೇಕು, ಬೆಂಚಿನಲ್ಲಿ ಕೂರಬೇಕು, ಮರುದಿನ ಜೂನಿಯರ್ ತಂಡಕ್ಕೆ ಆಡಬೇಕು. ಅದರ ಮಧ್ಯೆ ಶಾಲೆ.

ನೀವು ಅಧಿಕಾರ ಇಲ್ಲ ಅನ್ನುವ ಹಾಗಿಲ್ಲ. 18 ತುಂಬುವ ಮುಂಚೆ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವಂತಿಲ್ಲ ಅನ್ನುವುದು ನಿಮ್ಮದೇ ನಿಯಮ. ವಿಶೇಷ ಸಂದರ್ಭ ಅಂತ ಬಿಡಬೇಕಾದರೆ ತೀರ್ಮಾನ ಮಾಡುವುದು ಪ್ರಧಾನ ಕಾರ್ಯದರ್ಶಿ, ಅಂದರೆ ನಿಮ್ಮ ಕುರ್ಚಿ. ಅದಕ್ಕೇ ಈ ಪತ್ರ ನಿಮ್ಮ ಹೆಸರಿಗೆ. ಆ ಹುಡುಗನ ಓದಿಗೆ ಕ್ಲಬ್ ಏರ್ಪಾಡು ಮಾಡಬೇಕು ಅಂತಲೂ ನಿಮ್ಮ ಷರತ್ತು ಇದೆ. ಓದಿನ ಬಗ್ಗೆ ಕೇಳುವ ನೀವು ವಿಶ್ರಾಂತಿಯ ಬಗ್ಗೆಯೂ ಕೇಳಬಹುದು. ಕೈಯಲ್ಲಿ ಆಗಲೇ ಇರುವ ಅರ್ಜಿಗೆ ಇನ್ನೊಂದು ಪುಟ ಸೇರಿಸಿದರೆ ಸಾಕು. ಕಳೆದ 12 ತಿಂಗಳಲ್ಲಿ ಎಲ್ಲಾ ತಂಡ ಸೇರಿ ಎಷ್ಟು ಪಂದ್ಯ ಆಡಿದ, ಎಷ್ಟು ದಿನ ರಜೆ ಸಿಕ್ಕಿತು, ಇಷ್ಟೇ. ಊರು ಬಿಟ್ಟು ಹೋಗದವರಿಗೆ, ರುಬಿಯೊ ಹಾಗೆ ಮನೆ ಹತ್ತಿರದ ಕ್ಲಬ್‌ನಲ್ಲೇ ಆಡುವವರಿಗೆ, ರಾಷ್ಟ್ರೀಯ ಒಕ್ಕೂಟಗಳ ಮೂಲಕ ಇದೇ ಲೆಕ್ಕದ ಒಂದು ಪುಸ್ತಕ ಇಡಿಸಿ. ನಿಮ್ಮ ಚಾಂಪಿಯನ್‌ಶಿಪ್‌ಗೆ ಬರುವ ಹುಡುಗನ ಪುಸ್ತಕ ಮೊದಲು ನೋಡಿ. ಮಿತಿ ದಾಟಿದ್ದರೆ ಅವನಿಗೆ ಆ ಬೇಸಿಗೆ ರಜೆ, ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ. ಇದರಿಂದ ನಿಮ್ಮ ಟೂರ್ನಿಗೇ ನಷ್ಟ ಅಂತ ನನಗೆ ಗೊತ್ತು. ಲಿನಾರೆಸ್‌ನಂಥ ಒಂದು ಫೈನಲ್ ನಮಗೆ ಸಿಗದೇ ಹೋಗಬಹುದು. ನಾನು ಆ ನಷ್ಟಕ್ಕೆ ತಯಾರು.

ಬೇರೆ ಆಟದವರು ಇದನ್ನು ಮಾಡಿ ತೋರಿಸಿದ್ದಾರೆ. ಮಹಿಳಾ ಟೆನಿಸ್‌ನಲ್ಲಿ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ನೇ ವಯಸ್ಸಿಗೆ ವೃತ್ತಿಪರ ಆಟಕ್ಕೆ ಬಂದರು. ಕೆಲವೇ ವರ್ಷದಲ್ಲಿ ಆಟ ಬಿಟ್ಟು ತುಂಬಾ ಕಷ್ಟ ಪಟ್ಟರು. ಅದನ್ನು ಕಣ್ಣಾರೆ ಕಂಡ ಮಹಿಳಾ ಟೆನಿಸ್ ಸಂಘ ಡಬ್ಲ್ಯುಟಿಎ 1995ರಿಂದ ವಯಸ್ಸಿನ ನಿಯಮ ತಂದಿತು. 14ಕ್ಕೆ ಮುಂಚೆ ವೃತ್ತಿಪರ ಟೂರ್ನಿ ಇಲ್ಲ. ಆಮೇಲೆ 18ರವರೆಗೆ ವಯಸ್ಸಿಗೆ ತಕ್ಕ ಹಾಗೆ ವರ್ಷಕ್ಕೆ ಇಷ್ಟೇ ಟೂರ್ನಿ. ಅದರಿಂದ ಮಹಿಳಾ ಟೆನಿಸ್ ಮುಳುಗಿಹೋಗಲಿಲ್ಲ. ಕ್ಯಾಪ್ರಿಯಾಟಿ ಕೂಡ ವಾಪಸ್ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಫಿಗರ್ ಸ್ಕೇಟಿಂಗ್‌ನವರು 2022ರಲ್ಲಿ ಸೀನಿಯರ್ ವಯಸ್ಸನ್ನು 15ರಿಂದ 17ಕ್ಕೆ ಏರಿಸುವ ತೀರ್ಮಾನ ಮಾಡಿದರು. ಎನ್‌ಬಿಎಯಲ್ಲಿ ಡೆಮಾರ್ ಡೆರೋಜನ್, ಕೆವಿನ್ ಲವ್ 2018ರಲ್ಲಿ ತಮ್ಮ ಮನಸ್ಸಿನ ಕಷ್ಟ ಹೇಳಿಕೊಂಡ ಮೇಲೆ, 2019–20ರಿಂದ ಪ್ರತಿ ತಂಡವೂ ಮಾನಸಿಕ ಆರೋಗ್ಯ ತಜ್ಞರ ಏರ್ಪಾಡು ಮಾಡಲೇಬೇಕು ಅಂತ ಆಯಿತು. ಈ ಕೆವಿನ್ ಲವ್ ಮಿನೆಸೋಟದಲ್ಲೂ ಕ್ಲೀವ್‌ಲ್ಯಾಂಡ್‌ನಲ್ಲೂ ರುಬಿಯೊ ಜೊತೆ ಆಡಿದವರು. ಕೋಟಿ ಕೋಟಿ ಸಂಬಳದ ದೊಡ್ಡವರಿಗೆ ಸಿಕ್ಕಿದ್ದು 15ರ ಮಕ್ಕಳಿಗೆ ಮೊದಲು ಸಿಗಬೇಕಿತ್ತು.

ತಜ್ಞರು ಕ್ಲಬ್ಬಿನ ಸಂಬಳದವರಾಗಿರಬಾರದು ಅಂತ ಮೇಲೆ ಹೇಳಿದೆ. ಯಾಕೆಂದರೆ ಹುಡುಗ ಹೇಳಿದ ಮಾತು ಕೋಚ್ ಕಿವಿಗೆ ಹೋಗುತ್ತದೆ ಅನ್ನೋ ಅನುಮಾನ ಒಂದು ಚೂರು ಇದ್ದರೂ ಅವನು ಬಾಯಿ ಬಿಡುವುದಿಲ್ಲ. ನನ್ನ ಅಂಕಣದಲ್ಲೇ ನೋಡುತ್ತೇನೆ. ಕಾಲು ನೋಯುತ್ತಿದೆ ಅಂತ ಹೇಳಿದರೆ ಸರ್ ನಾಳೆ ಆಡಿಸಲ್ಲ ಅಂತ ಮುಚ್ಚಿಡುವ ಮಕ್ಕಳಿದ್ದಾರೆ. ಕಾಲು ನೋವನ್ನೇ ಮುಚ್ಚಿಡುವವರು ಮನಸ್ಸಿನ ನೋವು ಹೇಳುತ್ತಾರಾ? ಕರಾರು, ಹಣ, ಊರಿನ ನಿರೀಕ್ಷೆ ಎಲ್ಲಾ ಇರುವ ಕಡೆ ಅಂತೂ ಇನ್ನೂ ಕಷ್ಟ.

ದಾಖಲೆಗಳ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಒಂದು ಸಂಜೆ ಅಭ್ಯಾಸ ಮುಗಿಸಿ ಚೆಂಡುಗಳನ್ನು ಬಲೆಗೆ ತುಂಬುತ್ತಿದ್ದಾಗ ಒಬ್ಬ ಹುಡುಗ ಬಂದು, 'ಸರ್, ರುಬಿಯೊ 14ಕ್ಕೇ ಆಡಿದ್ರಂತೆ. ನಂಗೆ 15 ಆಯ್ತು' ಅಂದ. ಬೇಜಾರಿನ ಮುಖ ಮಾಡಿಕೊಂಡಿದ್ದ. ತನ್ನ ಕಾಲ ಮುಗಿದೇಹೋಯಿತು ಅನ್ನೋ ಹಾಗೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಮೊಳಕೆಯನ್ನು ದಿನಾ ಕಿತ್ತು ಬೇರು ಎಷ್ಟು ಉದ್ದ ಬಂತು ಅಂತ ನೋಡುತ್ತಾ ಕೂತರೆ ಗಿಡ ಬದುಕುವುದಿಲ್ಲ. ಅತಿ ಚಿಕ್ಕ ವಯಸ್ಸಿಗೆ ಆಡಿದವರು ಅನ್ನೋ ಪಟ್ಟಿಯನ್ನು ಲೀಗ್‌ಗಳು, ಕ್ಲಬ್‌ಗಳು, ಪತ್ರಿಕೆಗಳು ಎಲ್ಲರೂ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ನೀವು ನಿಮ್ಮ ಟೂರ್ನಿಗಳಲ್ಲಿ ಅದನ್ನು ಸುದ್ದಿ ಮಾಡುವುದನ್ನು ನಿಲ್ಲಿಸಿ. ಹುಡುಗ ಎಷ್ಟು ಬೇಗ ಬಂದ ಅನ್ನೋದನ್ನು ಪ್ರಶಸ್ತಿಯ ಹಾಗೆ ತೋರಿಸಬೇಡಿ. ಆ ಪಟ್ಟಿಯಲ್ಲಿ ಇರುವವರಲ್ಲಿ ಎಷ್ಟು ಜನ 30ರ ನಂತರವೂ ನಗುತ್ತಾ ಆಡಿದರು ಅನ್ನೋ ಪಟ್ಟಿ ಯಾರಾದರೂ ಮಾಡಿದರೆ ಅದನ್ನು ಹಾಕಿ. ನಾನು ನನ್ನ ಮಕ್ಕಳಿಗೆ ಓದಿ ಹೇಳುತ್ತೇನೆ.

ಕ್ಲಬ್‌ಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಹತ್ತು ವರ್ಷ ಅನ್ನ ಹಾಕಿ ಬೆಳೆಸಿದ ಹುಡುಗನನ್ನು ಈಗ ಅಮೆರಿಕದ ಕಾಲೇಜುಗಳು ಕೈತುಂಬಾ ಹಣ ಕೊಟ್ಟು ಕರೆಯುತ್ತಿವೆ. ಇದ್ದಷ್ಟು ದಿನ ಆಡಿಸಿಕೊಳ್ಳೋಣ ಅನ್ನಿಸುವುದು ಸಹಜ. ಅದಕ್ಕೇ ಒಂದೊಂದು ಕ್ಲಬ್ಬಿನ ಒಳ್ಳೆತನಕ್ಕೆ ಇದನ್ನು ಬಿಡಬಾರದು. ಒಬ್ಬರು ಮಾತ್ರ ಹುಡುಗನಿಗೆ ರಜೆ ಕೊಟ್ಟರೆ ಅವರೇ ಸೋಲುತ್ತಾರೆ. ಎಲ್ಲರೂ ಒಟ್ಟಿಗೆ ಕೊಡಬೇಕು ಅಂದರೆ ಮೇಲಿನವರು ಹೇಳಬೇಕು. ಈ ಆಟದಲ್ಲಿ ಎಲ್ಲರಿಗಿಂತ ಮೇಲಿರುವವರು ನೀವು.

ಕೊನೆಗೆ ರುಬಿಯೊ ಈಗ ಎಲ್ಲಿದ್ದಾರೆ ಅಂತಲೂ ಬರೆಯಬೇಕು. 2024ರಲ್ಲಿ ಕೆಲವು ತಿಂಗಳು ಬಾರ್ಸಿಲೋನಾಗೆ ಆಡಿದರು. ಮತ್ತೆ ಒಂದು ಸೀಸನ್ ಪೂರ್ತಿ ದೂರ ಉಳಿದರು. 2025ರ ಬೇಸಿಗೆಯಲ್ಲಿ ಜುವೆಂತುತ್‌ಗೆ ವಾಪಸ್ ಆದರು. ಅದೇ ಬಾದಲೋನಾ, ಅದೇ ಹಸಿರು ಕಪ್ಪು. ತಾವೇ ನಿಂತು, ತಾವೇ ಯೋಚಿಸಿ, ತಮಗೆ ಬೇಕು ಅನ್ನಿಸಿದಾಗ ಬಂದರು. ಯಾರೂ ಎಳೆದು ತರಲಿಲ್ಲ. ನನಗೆ ವಿಶ್ವಕಪ್ ಗೆದ್ದ ದಿನಕ್ಕಿಂತ ಈ ಸುದ್ದಿ ಜಾಸ್ತಿ ಸಂತೋಷ ಕೊಟ್ಟಿತು. ನಿಯಮ ಬರೆಯಲು ಕೂರುವ ನಿಮ್ಮ ಸಮಿತಿ ಮೊದಲು ಅವರನ್ನು ಕರೆದು ಕೇಳಲಿ. 14ರಲ್ಲಿ ನಿಮಗೆ ಏನು ಬೇಕಿತ್ತು, ಯಾರು ಇರಬೇಕಿತ್ತು ಅಂತ. ಡೊನ್ಚಿಚ್‌ರನ್ನು ಕೇಳಲಿ. ಹೆಸರು ಮಾಡದೆ ಹಾಸ್ಟೆಲ್‌ನಿಂದ ಮನೆಗೆ ಮರಳಿದ ಹುಡುಗರನ್ನೂ ಕೇಳಲಿ. ಅವರ ಸಂಖ್ಯೆಯೇ ಜಾಸ್ತಿ. ಆಟಗಾರರ ಸಂಘಗಳ ಪ್ರತಿನಿಧಿ, ಒಬ್ಬ ಮಕ್ಕಳ ವೈದ್ಯರು, ಒಬ್ಬ ಶಾಲಾ ಶಿಕ್ಷಕರು ಸಮಿತಿಯಲ್ಲಿ ಇರಲಿ.

ನಿಮ್ಮ ಕೇಂದ್ರ ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ. ಮುಂದಿನ ಬೇಸಿಗೆಯ 16 ವರ್ಷದೊಳಗಿನವರ ಚಾಂಪಿಯನ್‌ಶಿಪ್‌ಗೆ ಬರುವ ಪ್ರತಿ ಹುಡುಗ, ಪ್ರತಿ ಹುಡುಗಿಯ ಪಂದ್ಯದ ಪುಸ್ತಕ ಈ ವರ್ಷದಿಂದಲೇ ಶುರುವಾಗಲಿ. ಮಿತಿ ಎಷ್ಟು ಅಂತ ಆಮೇಲೆ ಚರ್ಚೆ ಮಾಡಿ. ಮೊದಲು ಎಣಿಸೋದಕ್ಕೆ ಶುರು ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಒಬ್ಬ ಕೋಚ್,
ಬೆಂಗಳೂರು